12345654321 (ಸಂಖ್ಯೆ)

12345654321 ಹನ್ನೊಂದು ಅಂಕಿಗಳ ಒಂದು ಬೆಸ ಪೂರ್ಣಾಂಕ. ಭಾರತೀಯ ಪದ್ಧತಿಯಲ್ಲಿ ಇದನ್ನು 12,34,56,54,321 ಎಂದು ಬರೆಯುತ್ತಾರೆ. ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದುತ್ತಾರೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಅಂಕಿಗಳ ಕ್ರಮ ಬದಲಾಗುವುದಿಲ್ಲ. ಇದು 111111ರ ವರ್ಗ. ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಈ ಸಂಖ್ಯೆ ಕಾಣಿಸಿಕೊಳ್ಳುತ್ತದೆ.

ಗಣಿತಸಾರಸಂಗ್ರಹದಲ್ಲಿ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ಈ ಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದನು. ಗ್ರಂಥದ ಆರಂಭದಲ್ಲಿ ಅಮೋಘವರ್ಷನ ಸ್ತುತಿಯಿದೆ. ಗುಣಾಕಾರವನ್ನು ಕಲಿಸುವ ಭಾಗದಲ್ಲಿ, ಗುಣಲಬ್ಧವು ಹಾರದಂತೆ ಎರಡೂ ಬದಿ ಸಮನಾಗಿ ಕಾಣುವ ಹಲವು ಲೆಕ್ಕಗಳಿವೆ. 139 × 109 = 15151, 152207 × 73 = 11111111, 12345679 × 9 = 111111111 ಮುಂತಾದವು ಈ ಬಗೆಯವು. ಇವುಗಳ ನಡುವೆಯೇ 27994681 × 441 = 12345654321 ಎಂಬುದೂ ಬರುತ್ತದೆ.

ಈ ಸಂಖ್ಯೆಯನ್ನು ಮಹಾವೀರನು ಕೋಟಿ, ಲಕ್ಷಗಳ ಹೆಸರಿನಿಂದ ಹೇಳುವುದಿಲ್ಲ. ಒಂದರಿಂದ ತೊಡಗಿ ಆರರವರೆಗೆ ಏರಿ ಮತ್ತೆ ಕ್ರಮವಾಗಿ ಇಳಿಯುವುದು ಎಂದಷ್ಟೇ ವರ್ಣಿಸುತ್ತಾನೆ. ಪ್ರತಿ ಅಂಕಿಯ ಬೆಲೆ ಅದು ನಿಂತ ಸ್ಥಾನದಿಂದಲೇ ತಿಳಿಯುತ್ತದೆ ಎಂಬುದನ್ನು ಓದುಗನು ಬಲ್ಲವನಾಗಿದ್ದರೆ ಮಾತ್ರ ಇಂತಹ ವರ್ಣನೆಗೆ ಅರ್ಥ ಬರುತ್ತದೆ. ಆದುದರಿಂದ ಒಂಬತ್ತನೆಯ ಶತಮಾನದ ಕರ್ನಾಟಕದಲ್ಲಿ ದಶಮಾನ ಸ್ಥಾನಪದ್ಧತಿ ಎಷ್ಟು ಸಹಜವಾಗಿತ್ತು ಎಂಬುದಕ್ಕೆ ಈ ಲೆಕ್ಕವು ಉತ್ತಮ ಸಾಕ್ಷಿ. ಇದೇ ಗ್ರಂಥವು ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳಿಗೆ ಹೆಸರು ಕೊಡುತ್ತದೆ.

ಗುಣಲಕ್ಷಣಗಳು

111111ನ್ನು ಅದರಿಂದಲೇ ಗುಣಿಸುವಾಗ ಅದೇ ಸಾಲನ್ನು ಆರು ಬಾರಿ, ಪ್ರತಿ ಸಲ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆಯಬೇಕಾಗುತ್ತದೆ. ಕಂಬಸಾಲುಗಳಲ್ಲಿ ಕ್ರಮವಾಗಿ ಒಂದು, ಎರಡು, ಹೀಗೆ ಆರರವರೆಗೆ ಒಂದುಗಳು ಸೇರಿ, ಮತ್ತೆ ಕಡಿಮೆಯಾಗುತ್ತವೆ. ಎಲ್ಲಿಯೂ ಮೊತ್ತ ಒಂಬತ್ತನ್ನು ಮೀರದ ಕಾರಣ ದಶಕ ಬೀಳುವುದಿಲ್ಲ. ಒಂಬತ್ತು ಒಂದುಗಳ ಸಂಖ್ಯೆಯವರೆಗೂ ಈ ಅಂದ ಉಳಿಯುತ್ತದೆ. ಅದರ ವರ್ಗ 12345678987654321. ಹತ್ತು ಒಂದುಗಳಾದರೆ ನಡುವಿನ ಸಾಲಿನಲ್ಲಿ ಹತ್ತು ಬಂದು, ವರ್ಗವು 1234567900987654321 ಆಗಿ ಹಾರ ಕಡಿಯುತ್ತದೆ.

111111 = 3 × 7 × 11 × 13 × 37 ಆಗಿರುವುದರಿಂದ ಈ ಸಂಖ್ಯೆಯ ಅವಿಭಾಜ್ಯ ಅಪವರ್ತನ 3² × 7² × 11² × 13² × 37². ಮಹಾವೀರನ ಲೆಕ್ಕದ ಗುಟ್ಟೂ ಇಲ್ಲಿಯೇ ಇದೆ: 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ, ಮತ್ತು 21 × 5291 = 111111. ಎರಡು ವರ್ಗಗಳನ್ನು ಗುಣಿಸಲು ಕೊಟ್ಟಿರುವುದು 27994681ನ್ನು ನೋಡಿದ ಮಾತ್ರಕ್ಕೆ ಹೊಳೆಯುವುದಿಲ್ಲ.

ಸಂಖ್ಯೆಯ ಭಾಜಕಗಳು ಒಟ್ಟು 243. ಸಂಖ್ಯೆಯನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ 13029870672. ಇದು ಮೂಲ ಸಂಖ್ಯೆಗಿಂತ ಹೆಚ್ಚು. ಬೆಸ ಸಂಖ್ಯೆಗಳಲ್ಲಿ ಈ ಗುಣ ವಿರಳ. ಇಂತಹ ಬೆಸ ಸಂಖ್ಯೆಗಳಲ್ಲಿ ಅತಿ ಚಿಕ್ಕದು 945. ಅಂಕಿಗಳ ಮೊತ್ತ 36, ಅದೂ ಒಂದು ವರ್ಗಸಂಖ್ಯೆ.

ಪ್ರಕಟಣೆ

ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದವುಳ್ಳ ಆವೃತ್ತಿ 2000ದಲ್ಲಿ ಹೊಂಬುಜದಿಂದ ಹೊರಬಂದಿತು.