‘ಜಿ’ ಕುಟುಂಬದ ವಂಶಾವಳಿ

ಕ್ಯಾನ್ಸರಿನ ಚರಿತ್ರೆಯನ್ನು ಓದುವಾಗ ನನ್ನನ್ನು ಬಹುವಾಗಿ ತಡೆದು ನಿಲ್ಲಿಸಿದ್ದು ಯಾವ ಪ್ರಯೋಗಶಾಲೆಯ ಸಾಧನೆಯೂ ಅಲ್ಲ. ಬಟ್ಟೆ ಹೊಲಿದು ಬಾಳುತ್ತಿದ್ದ ಒಬ್ಬ ಹೆಂಗಸಿನ ಮಾತು.

1895ನೆಯ ಇಸವಿ. ಅಮೆರಿಕದ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಎಂಬ ಊರು. ಅಲ್ಲಿನ ವಿಶ್ವವಿದ್ಯಾಲಯದ ರೋಗಶಾಸ್ತ್ರಜ್ಞ ಆಲ್ಡ್ರೆಡ್ ಸ್ಕಾಟ್ ವಾರ್ಥಿನ್, ತಮ್ಮ ಮನೆಯ ಬಟ್ಟೆಗಳನ್ನು ಹೊಲಿಯುತ್ತಿದ್ದಾಕೆಯ ಮುಖ ಬಾಡಿದ್ದನ್ನು ಕಂಡು ಕಾರಣ ಕೇಳಿದರು. ಆಕೆಗೆ ಆಗ ಯಾವ ಕಾಯಿಲೆಯೂ ಇರಲಿಲ್ಲ. ಆದರೂ ತನಗೆ ಆಯುಷ್ಯ ಕಡಿಮೆಯೆಂದೂ, ಗರ್ಭಕೋಶದ ಇಲ್ಲವೆ ಹೊಟ್ಟೆ ಕರುಳುಗಳ ಕ್ಯಾನ್ಸರಿನಿಂದ ತಾನು ಸಾಯುವೆನೆಂದೂ, ತನ್ನ ಮನೆತನದಲ್ಲಿ ಬಹಳ ಮಂದಿ ಹೀಗೆಯೇ ತೀರಿಕೊಂಡರೆಂದೂ ಆಕೆ ಹೇಳಿದಳು. ಮಾತು ನಿಜವಾಯಿತು. ಚಿಕ್ಕ ವಯಸ್ಸಿನಲ್ಲಿಯೇ ಗರ್ಭಕೋಶದ ಕ್ಯಾನ್ಸರಿನಿಂದ ಆಕೆ ಮಡಿದಳು.

ಇಂಥ ಮಾತು ನಮ್ಮ ಮನೆಗಳಲ್ಲಿ ಕೇಳಿಬಂದಿದ್ದರೆ ಶಾಪವೆಂದೋ ಹಣೆಬರಹವೆಂದೋ ಸುಮ್ಮನಾಗುತ್ತಿದ್ದೆವು. ವಾರ್ಥಿನ್ ಸುಮ್ಮನಾಗಲಿಲ್ಲ. ಜರ್ಮನಿಯಿಂದ ವಲಸೆ ಬಂದಿದ್ದ ಆ ಮನೆತನದ ಕವಲುಗಳನ್ನು ಹುಡುಕಿ, ಯಾರು ಯಾವ ರೋಗದಿಂದ ಸತ್ತರೆಂದು ಬರೆದಿಟ್ಟು, 1913ರಲ್ಲಿ ಪ್ರಕಟಿಸಿದರು. ಆ ವಂಶಕ್ಕೆ ‘ಜಿ’ ಎಂಬ ಒಂದಕ್ಷರದ ಹೆಸರಾಯಿತು. ಅವರು ತೆಗೆದ ತೀರ್ಮಾನಗಳೆಲ್ಲವನ್ನೂ ನಾನು ಮೆಚ್ಚಲಾರೆ. ಇಂಥ ಕುಲಗಳು ಕ್ರಮೇಣ ಕ್ಷಯಿಸುತ್ತವೆಂಬ, ಆ ಕಾಲದ ಸುಪ್ರಜನನವಾದದ ವಾಸನೆ ಅವರಿಗೂ ಅಂಟಿತ್ತು. ಆದರೆ ಪಟ್ಟಿ ಉಳಿಯಿತು.

ಮುಂದೆ ಬಹುಕಾಲ ವೈದ್ಯರಲ್ಲಿ ಹೆಚ್ಚಿನವರು ಕ್ಯಾನ್ಸರಿಗೆ ಹೊರಗಿನ ಕಾರಣಗಳನ್ನೇ ಅರಸಿದರು. 1962ರಲ್ಲಿ ನೆಬ್ರಾಸ್ಕದ ಓಮಾಹಾದಲ್ಲಿ ಹೆನ್ರಿ ಲಿಂಚ್ ಎಂಬ ತರುಣ ವೈದ್ಯರಿಗೆ ಕುಡಿತಕ್ಕೆ ಬಿದ್ದ ಒಬ್ಬ ರೋಗಿ ಎದುರಾದ. ಏಕೆ ಕುಡಿಯುವೆಯೆಂದು ಕೇಳಿದರೆ, ‘ನಮ್ಮ ಮನೆಯವರೆಲ್ಲ ಕ್ಯಾನ್ಸರಿನಿಂದ ಸಾಯುತ್ತಾರೆ, ನಾನೂ ಸಾಯುವವನೇ’ ಎಂಬ ಅರ್ಥದ ಉತ್ತರ! ಹೊಲಿಗೆಯಾಕೆಯ ಮಾತೇ ಅರವತ್ತೇಳು ವರ್ಷಗಳ ಮೇಲೆ ಮತ್ತೊಂದು ಬಾಯಿಂದ ಬಂದಿತ್ತು. ಲಿಂಚ್ ಅಂಥ ಕುಟುಂಬಗಳನ್ನು ಕುರಿತು 1966ರಲ್ಲಿ ಬರೆದರು. ಬಳಿಕ ವಾರ್ಥಿನ್ನರ ಹಳೆಯ ಕಡತಗಳು ಅವರ ಕೈ ಸೇರಿ, 1971ರಲ್ಲಿ ‘ಜಿ’ ಕುಟುಂಬದ ಕಥೆ ಮತ್ತೆ ಮುಂದುವರಿಯಿತು. ಈ ಆನುವಂಶಿಕ ರೋಗಕ್ಕೆ ಇಂದು ಲಿಂಚರದೇ ಹೆಸರು.

ಹಾಗಾದರೆ ಪೀಳಿಗೆಯಿಂದ ಪೀಳಿಗೆಗೆ ಇಳಿದು ಬರುವುದಾದರೂ ಏನು? ಓಲೆಗರಿಯನ್ನು ಪ್ರತಿ ಮಾಡುವ ಲಿಪಿಕಾರನನ್ನು ನೆನೆಯಿರಿ. ಒಂದೇ ಅಕ್ಷರ ಮೇಲಿಂದ ಮೇಲೆ ಬರುವ ಕಡೆ ಅವನ ಕಣ್ಣು ಜಾರುತ್ತದೆ. ಒಂದು ಹೆಚ್ಚೋ ಕಡಿಮೆಯೋ ಆಗುತ್ತದೆ. ಜೀವಕೋಶವೂ ಒಡೆದು ಎರಡಾಗುವ ಮೊದಲು ತನ್ನ ಡಿಎನ್‌ಎಯನ್ನು ಪ್ರತಿ ಮಾಡುವಾಗ ಹೀಗೆಯೇ ಎಡವುತ್ತದೆ. ಆ ತಪ್ಪುಗಳನ್ನು ತಿದ್ದುವುದಕ್ಕೆಂದೇ ಕೆಲವು ವಂಶವಾಹಿಗಳಿವೆ. ಅವುಗಳಲ್ಲಿ ಎಂಎಸ್‌ಎಚ್2 ಎಂಬುದು 1993ರಲ್ಲಿಯೂ ಎಂಎಲ್‌ಎಚ್1 ಎಂಬುದು 1994ರಲ್ಲಿಯೂ ಈ ರೋಗದ ಮೂಲವೆಂದು ಗೊತ್ತಾದವು. ತಂದೆಯಿಂದಲೋ ತಾಯಿಯಿಂದಲೋ ಕೆಟ್ಟ ಪ್ರತಿಯೊಂದು ಬಂದರೂ, ಇನ್ನೊಬ್ಬರಿಂದ ಬಂದ ಒಳ್ಳೆಯ ಪ್ರತಿ ಕೆಲಸ ನಡೆಸುತ್ತದೆ. ಕರುಳಿನ ಒಳಪೊರೆಯ ಕೋಶಗಳಾದರೋ ಬಿಡುವಿಲ್ಲದೆ ಹುಟ್ಟಿ ಸಾಯುತ್ತಿರುವಂಥವು. ಅವುಗಳಲ್ಲೊಂದರಲ್ಲಿ ಆ ಒಳ್ಳೆಯ ಪ್ರತಿಯೂ ಹಾಳಾದರೆ ತಿದ್ದುವವರಿಲ್ಲದೆ ತಪ್ಪುಗಳು ರಾಶಿ ಬೀಳುತ್ತವೆ. ಬೆಳವಣಿಗೆಗೆ ಕಡಿವಾಣ ಹಾಕುವ ವಂಶವಾಹಿಗಳೂ ಅದರಲ್ಲಿ ಕೆಡುತ್ತವೆ.

‘ಜಿ’ ಕುಟುಂಬದ ದೋಷ ಎಂಎಸ್‌ಎಚ್2ರಲ್ಲಿ ಬದಲಾದ ಒಂದೇ ಒಂದು ಅಕ್ಷರವೆಂದು 2000ದಲ್ಲಿ ಪ್ರಕಟವಾಯಿತು. 2005ರ ಹೊತ್ತಿಗೆ ಗುರುತಿಸಲಾಗಿದ್ದ ವಂಶಜರು 929 ಮಂದಿ.

ನನಗೆ ಅತ್ಯಂತ ಸೋಜಿಗವೆನಿಸುವುದು ಇನ್ನೊಂದು ಸಂಗತಿ. ವಾರ್ಥಿನ್ನರ ಪಟ್ಟಿಯಲ್ಲಿ ಜಠರದ ಕ್ಯಾನ್ಸರ್ ಬಹಳ. ಮುಂದಿನ ಪೀಳಿಗೆಗಳಲ್ಲಿ ಅದು ಇಳಿದು ದೊಡ್ಡ ಕರುಳಿನದು ಏರಿತು. ಅಕ್ಷರ ಅದೇ, ರಕ್ತ ಅದೇ! ಅಮೆರಿಕದ ಜನಸಾಮಾನ್ಯರಲ್ಲಿ ಜಠರದ ಕ್ಯಾನ್ಸರ್ ಇಳಿಯುತ್ತಿದ್ದಂತೆ ಈ ಮನೆತನದಲ್ಲಿಯೂ ಇಳಿಯಿತು. ವಂಶವಾಹಿ ಅಪಾಯವನ್ನು ತಂದಿತು ನಿಜ. ಅದು ದೇಹದ ಯಾವ ಮೂಲೆಯಲ್ಲಿ ತಲೆಯೆತ್ತಬೇಕೆಂಬುದರಲ್ಲಿ ಬದುಕಿನ ರೀತಿಗೂ ಪಾಲಿತ್ತೆಂದು ನಾನು ತಿಳಿಯುತ್ತೇನೆ.

ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಈ ಬಗೆಯದು ನೂರಕ್ಕೆ ಸುಮಾರು 3 ಮಾತ್ರ. ದೋಷವುಳ್ಳವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಇಂದು ರಕ್ತಪರೀಕ್ಷೆಯಿಂದ ಅದನ್ನು ತಿಳಿಯಬಹುದು. ಬಂದವರು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಕರುಳನ್ನು ಕೊಳವೆಯಿಂದ ಪರೀಕ್ಷಿಸಿಕೊಂಡು, ಗಂಟುಗಳನ್ನು ಮೊಳಕೆಯಲ್ಲಿಯೇ ತೆಗೆಸಿಕೊಳ್ಳುತ್ತಾರೆ; ಬಾರದವರು ಮನೆತನದ ಆ ಭಯವನ್ನು ಬಿಟ್ಟು ಬಾಳಬಹುದು. ತಿಳಿಯುವುದೇ ಬೇಡವೆನ್ನುವವರೂ ಇದ್ದಾರೆ. ಹೊಲಿಗೆಯಾಕೆಗೆ ಆ ಆಯ್ಕೆ ಇರಲಿಲ್ಲ.