ನೀರಿನಡಿಯ ಯುದ್ಧವಿಮಾನ ಭಾಗಗಳ ಗುರುತಿಸುವಿಕೆ

ನೀರಿನಡಿಯ ಯುದ್ಧವಿಮಾನ ಭಾಗಗಳ ಗುರುತಿಸುವಿಕೆ ಎಂದರೆ ಎರಡನೇ ಮಹಾಯುದ್ಧದ ನಂತರ ನೀರಿಗೆ ಎಸೆಯಲಾದ ವಿಮಾನಗಳ ಅವಶೇಷಗಳನ್ನು ಪರಿಶೀಲಿಸಿ, ಅವು ಯಾವ ಮಾದರಿಗೆ, ಸಾಧ್ಯವಾದರೆ ಯಾವ ನಿರ್ದಿಷ್ಟ ವಿಮಾನಕ್ಕೆ ಸೇರಿದವೆಂದು ನಿರ್ಧರಿಸುವ ಕ್ರಮ. ಇದು ವೈಮಾನಿಕ ಪುರಾತತ್ವದ ಒಂದು ಭಾಗವಾಗಿದೆ.

ಹಿನ್ನೆಲೆ
ಯುದ್ಧ ಮುಗಿದಾಗ ಸಾವಿರಾರು ವಿಮಾನಗಳು ಅನಗತ್ಯವಾದವು. ಅವುಗಳಲ್ಲಿ ಕೆಲವನ್ನು ಸಮುದ್ರಕ್ಕೆ ತಳ್ಳಲಾಯಿತು. ಮಾರ್ಷಲ್ ದ್ವೀಪಗಳ ಕ್ವಾಜಲೀನ್ ಹವಳದ್ವೀಪದಲ್ಲಿ, ರೋಯ್-ನಾಮುರ್ ಸಮೀಪ ಸುಮಾರು 150 ಅಮೆರಿಕನ್ ವಿಮಾನಗಳು ಮುಳುಗಿವೆ. ಅಪಘಾತದ ಸ್ಥಳದಲ್ಲಿ ದೊರೆಯುವ ಭಾಗಗಳು ಸಾಮಾನ್ಯವಾಗಿ ಒಂದೇ ವಿಮಾನದವು. ಎಸೆದ ಸ್ಥಳದಲ್ಲಿ ಹಲವು ವಿಮಾನಗಳ ಭಾಗಗಳು ಬೆರೆತಿರುತ್ತವೆ.

ಗುರುತಿಸುವ ವಿಧಾನ
ಮೊದಲ ಸುಳಿವು ಭಾಗದ ಮೇಲೆ ಒತ್ತಿದ ಸಂಖ್ಯೆ. ಕನ್ಸಾಲಿಡೇಟೆಡ್ ಸಂಸ್ಥೆಯ ಕ್ಯಾಟಲಿನಾ ಭಾಗಗಳ ಸಂಖ್ಯೆಗಳು 28ರಿಂದ, ಲಿಬರೇಟರ್ ಭಾಗಗಳವು 32ರಿಂದ ಆರಂಭವಾಗುತ್ತವೆ. ಸ್ಪಿಟ್‌ಫೈರ್‌ನ ಮೂಲ ವಿನ್ಯಾಸದ ಭಾಗಗಳಲ್ಲಿ 300 ಎಂಬ ಆರಂಭಾಂಕವಿರುತ್ತದೆ. ತಪಾಸಣಾ ಮುದ್ರೆಗಳಿಂದ ತಯಾರಕರು ತಿಳಿಯುತ್ತಾರೆ: 6ಎಸ್ ಸೂಪರ್‌ಮರೀನ್‌ನ, 41ಎಚ್ ಹಾಕರ್‌ನ ಗುರುತು.

ಎಂಜಿನ್ ಒಂದರಿಂದಲೇ ಮಾದರಿಯನ್ನು ನಿರ್ಧರಿಸಲಾಗದು. ಪ್ರಾಟ್ ಅಂಡ್ ವಿಟ್ನಿ ಆರ್-1830 ಎಂಬ 14 ಸಿಲಿಂಡರಿನ ಎಂಜಿನ್ ಲಿಬರೇಟರ್, ಕ್ಯಾಟಲಿನಾ ಮತ್ತು ಡಕೋಟಾ ಮೂರರಲ್ಲೂ ಬಳಕೆಯಲ್ಲಿತ್ತು. ಭಾಗದ ಸಂಖ್ಯೆಯೂ ಮಾದರಿಯನ್ನಷ್ಟೇ ಸೂಚಿಸುತ್ತದೆ. ನಿರ್ದಿಷ್ಟ ವಿಮಾನವನ್ನು ತಿಳಿಯಲು ತಯಾರಕರ ಫಲಕ, ಬಣ್ಣದಲ್ಲಿ ಬರೆದ ಕ್ರಮಸಂಖ್ಯೆ ಮತ್ತು ಸೇನಾ ದಾಖಲೆಗಳು ಪರಸ್ಪರ ಹೊಂದಬೇಕು. ದುರಸ್ತಿಯ ವೇಳೆ ಭಾಗಗಳು ಒಂದು ವಿಮಾನದಿಂದ ಇನ್ನೊಂದಕ್ಕೆ ಹೋಗುತ್ತಿದ್ದುದು ಇದಕ್ಕೆ ಕಾರಣ.

ಕರ್ನಾಟಕದಲ್ಲಿ
1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು 1943ರಿಂದ ಅಮೆರಿಕನ್ ವಾಯುಪಡೆಯ ದುರಸ್ತಿ ಕೇಂದ್ರವಾಗಿತ್ತು. ದುರಸ್ತಿಗೆ ಬರುತ್ತಿದ್ದ ಕ್ಯಾಟಲಿನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಯುದ್ಧಾನಂತರ ಬ್ರಿಟಿಷರು ಕಾನ್ಪುರದ ನೆಲದ ಮೇಲೆ ಕೆಡಿಸಿ ಬಿಟ್ಟುಹೋದ ಲಿಬರೇಟರ್‌ಗಳನ್ನು ಈ ಸಂಸ್ಥೆಯವರು ಹಾರುವ ಸ್ಥಿತಿಗೆ ತಂದು, ಬೆಂಗಳೂರಿಗೆ ಒಯ್ದು ಪೂರ್ಣವಾಗಿ ನವೀಕರಿಸಿದರು. 1948ರಲ್ಲಿ ಭಾರತೀಯ ವಾಯುಪಡೆಯ 5ನೇ ಸ್ಕ್ವಾಡ್ರನ್ ಸೇರಿದ ಈ ವಿಮಾನಗಳು 1968ರವರೆಗೆ ಸೇವೆಯಲ್ಲಿದ್ದವು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂನ ಲಿಬರೇಟರ್ ಇವುಗಳಲ್ಲೊಂದು. ಬ್ರಿಟಿಷ್ ಸಂಖ್ಯೆ ಕೆಎನ್751, ಭಾರತೀಯ ಸಂಖ್ಯೆ ಎಚ್‌ಇ807 ಎರಡೂ ಅದರವೇ. ಒಂದೇ ವಿಮಾನಕ್ಕೆ ಹೀಗೆ ಹಲವು ಸಂಖ್ಯೆಗಳಿರುವುದರಿಂದ ಒಂದು ದೇಶದ ದಾಖಲೆಯನ್ನಷ್ಟೇ ನೋಡಿದರೆ ಗುರುತು ತಪ್ಪಬಹುದು.

ಸುರಕ್ಷತೆ ಮತ್ತು ಕಾನೂನು
ಸಮುದ್ರದ ನೀರಿನಲ್ಲಿ ಮೆಗ್ನೀಸಿಯಮ್ ಮಿಶ್ರಲೋಹದ ಭಾಗಗಳು ಬೇಗ ಕರಗುತ್ತವೆ. ಮೇಲೆತ್ತಿದ ಅಲ್ಯೂಮಿನಿಯಮ್ ಒಣಗಿದರೆ ಉಪ್ಪಿನಂಶದಿಂದ ಸವೆತ ಮುಂದುವರಿದು ಮುದ್ರೆಗಳು ಅಳಿಸಿಹೋಗುತ್ತವೆ. ಆದ್ದರಿಂದ ಸಂರಕ್ಷಣೆ ಆರಂಭವಾಗುವವರೆಗೆ ಅದನ್ನು ನೀರಿನಲ್ಲಿಯೇ ಇರಿಸಿ, ಸಂಖ್ಯೆಗಳ ಛಾಯಾಚಿತ್ರ ತೆಗೆಯಲಾಗುತ್ತದೆ. ಸಿಡಿಯದ ಮದ್ದುಗುಂಡುಗಳು ಮತ್ತು ಉಪಕರಣಗಳ ಮುಖಫಲಕಕ್ಕೆ ಬಳಿದ ರೇಡಿಯಂ ಬಣ್ಣ ಅಪಾಯಕಾರಿ. ಬ್ರಿಟನ್ನಿನ 1986ರ ಹಾಗೂ ಅಮೆರಿಕದ 2004ರ ಕಾಯಿದೆಗಳು ಸೇನಾ ವಿಮಾನಗಳ ಅವಶೇಷಗಳಿಗೆ ರಕ್ಷಣೆ ನೀಡುತ್ತವೆ. ಅಪಘಾತಕ್ಕೀಡಾದ ವಿಮಾನಗಳ ವಿಷಯದಲ್ಲಿ ಸರಿಯಾದ ಗುರುತಿಸುವಿಕೆಯಿಂದ ಕಾಣೆಯಾದ ಸಿಬ್ಬಂದಿಯ ಗತಿಯೂ ತಿಳಿದುಬರುತ್ತದೆ.