ಜಠರಾಗ್ನಿಯ ಗುಟ್ಟು: ಹೊಟ್ಟೆಹುಣ್ಣಿನ ಇನ್ನೂರು ವರ್ಷಗಳ ಚರಿತ್ರೆ

ಅಸೂಯೆಯನ್ನು ನಾವು ಹೊಟ್ಟೆಕಿಚ್ಚು ಎನ್ನುತ್ತೇವೆ. ಬೇರೆಯವರ ಸಂಕಟ ಕಂಡರೆ ಕರುಳು ಚುರ್ ಎನ್ನುತ್ತದೆ. ಹಸಿದವರಿಗೆ ಅನ್ನ ಹಾಕಿದ ತಾಯಿಯನ್ನು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತಾರೆ. ಹೊಟ್ಟೆಯೊಳಗೆ ಒಂದು ಬೆಂಕಿ ಇದೆ, ಅದು ಹದವಾಗಿದ್ದರೆ ಆರೋಗ್ಯ, ಹದ ತಪ್ಪಿದರೆ ರೋಗ ಎಂಬ ತಿಳಿವಳಿಕೆ ನಮ್ಮ ಭಾಷೆಯೊಳಗೇ ಸೇರಿಕೊಂಡಿದೆ. ಆಯುರ್ವೇದ ಇದನ್ನು ಜಠರಾಗ್ನಿ ಎಂದು ಕರೆಯಿತು.

ಆದರೆ ಆ ಬೆಂಕಿ ಎಂಥದ್ದು, ಅನ್ನವನ್ನು ಹೇಗೆ ಅರಗಿಸುತ್ತದೆ ಎಂಬುದು ಕಣ್ಣಾರೆ ಕಂಡು ತಿಳಿದದ್ದು ಇನ್ನೂರು ವರ್ಷಗಳ ಹಿಂದೆಯಷ್ಟೇ. ಅದು ಕೆಲವರಲ್ಲಿ ತನ್ನ ಮನೆಯನ್ನೇ ಏಕೆ ಸುಡುತ್ತದೆ, ಅಂದರೆ ಹೊಟ್ಟೆಹುಣ್ಣು ಏಕೆ ಆಗುತ್ತದೆ ಎಂಬುದು ತಿಳಿಯಲು 1980ರ ದಶಕದವರೆಗೆ ಕಾಯಬೇಕಾಯಿತು. ಈ ಎರಡು ತಿಳಿವಳಿಕೆಗಳ ನಡುವಿನ ಚರಿತ್ರೆಯನ್ನು ನಮ್ಮ ಸಂಘದ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಒಂದು ತುತ್ತಿನ ಪ್ರಯಾಣ

ಮೊದಲು ದೇಹರಚನೆಯನ್ನು ಸ್ವಲ್ಪ ನೋಡೋಣ. ಬಾಯಿಗೆ ಹಾಕಿದ ಅನ್ನದ ತುತ್ತು ಅಲ್ಲಿಯೇ ಜೀರ್ಣವಾಗಲು ಶುರುವಾಗುತ್ತದೆ. ಎಂಜಲಿನಲ್ಲಿರುವ ಒಂದು ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ. ಅನ್ನವನ್ನು ಚೆನ್ನಾಗಿ ಅಗಿದರೆ ಸಿಹಿಯೆನಿಸುವುದು ಇದರಿಂದಲೇ. ಅಲ್ಲಿಂದ ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದ ಮೂಲಕ ತುತ್ತು ಜಠರಕ್ಕೆ ಇಳಿಯುತ್ತದೆ. ಜಠರವೆಂದರೆ ಒಂದು ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಸುವ, ಸ್ನಾಯುಗಳಿಂದಾದ ಚೀಲ. ಅದರ ಗೋಡೆಯಿಂದ ದಿನಕ್ಕೆ ಸುಮಾರು ಎರಡು ಲೀಟರ್ ರಸ ಒಸರುತ್ತದೆ. ಈ ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಮಾಂಸಸತ್ವವನ್ನು ಒಡೆಯುವ ಪೆಪ್ಸಿನ್ ಇರುತ್ತವೆ. ಎರಡು ಮೂರು ಗಂಟೆ ಅಲ್ಲಿ ಕಡೆದು ಗಂಜಿಯಂತಾದ ಆಹಾರ ಸ್ವಲ್ಪ ಸ್ವಲ್ಪವಾಗಿ ಸಣ್ಣಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್‌ಗೆ ಹೋಗುತ್ತದೆ. ಯಕೃತ್ತಿನ ಪಿತ್ತವೂ ಮೇದೋಜೀರಕ ಗ್ರಂಥಿಯ ರಸವೂ ಬಂದು ಸೇರುವುದು ಅಲ್ಲಿ. ಮುಂದೆ ಸುಮಾರು ಆರು ಮೀಟರ್ ಉದ್ದದ ಸಣ್ಣಕರುಳು ಸತ್ವವನ್ನೆಲ್ಲ ಹೀರಿಕೊಳ್ಳುತ್ತದೆ. ಉಳಿದದ್ದರಿಂದ ದೊಡ್ಡಕರುಳು ನೀರನ್ನು ಹಿಂದಕ್ಕೆ ಪಡೆಯುತ್ತದೆ.

ಮಾಂಸವನ್ನೇ ಕರಗಿಸುವ ರಸ, ಮಾಂಸದಿಂದಲೇ ಆದ ಜಠರವನ್ನು ಏಕೆ ಕರಗಿಸುವುದಿಲ್ಲ? ಜಠರದ ಒಳಮೈಗೆ ಲೋಳೆಯ ಲೇಪವಿದೆ. ಆ ಲೋಳೆಯೊಳಗೆ ಆಮ್ಲವನ್ನು ತಣಿಸುವ ಕ್ಷಾರವಿದೆ. ಒಳಪದರದ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತವೆ. ಈ ಕಾವಲು ಎಲ್ಲಿ ಮುರಿಯುತ್ತದೋ ಅಲ್ಲಿ ಹುಣ್ಣು. ಕಾವಲನ್ನು ಮುರಿಯುವವರು ಯಾರು ಎಂಬುದೇ ಮುಂದಿನ ಕಥೆ.

ಹೊಟ್ಟೆಗೆ ತೆರೆದ ಕಿಟಕಿ

1822ರ ಜೂನ್ 6. ಅಮೆರಿಕದ ಮಿಶಿಗನ್ ಪ್ರಾಂತ್ಯದ ಮ್ಯಾಕಿನಾ ದ್ವೀಪದಲ್ಲಿ ತುಪ್ಪಳದ ವ್ಯಾಪಾರದ ಕಂಪನಿಯೊಂದರ ಅಂಗಡಿ. ಅಲ್ಲಿ ಯಾರದೋ ಬಂದೂಕು ಆಕಸ್ಮಿಕವಾಗಿ ಹಾರಿ, ಒಂದು ಗಜದಷ್ಟು ಹತ್ತಿರದಲ್ಲಿ ನಿಂತಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಫ್ರೆಂಚ್ ಕೆನಡಾದ ಕೂಲಿ ಯುವಕನ ಎಡ ಪಕ್ಕೆಯನ್ನು ಸೀಳಿತು. ಕೋಟೆಯಲ್ಲಿದ್ದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಓಡಿ ಬಂದ. ಯುವಕ ಬದುಕುವ ಆಸೆ ಅವನಿಗೂ ಇರಲಿಲ್ಲ. ಆದರೂ ಯುವಕ ಬದುಕಿದ. ಗಾಯ ಮಾಯಿತು, ಪೂರ್ತಿ ಮುಚ್ಚಿಕೊಳ್ಳಲಿಲ್ಲ. ಜಠರದ ಗೋಡೆ ಪಕ್ಕೆಯ ಗಾಯದ ಅಂಚಿಗೆ ಅಂಟಿಕೊಂಡು, ಹೊರಗಿನಿಂದ ಜಠರಕ್ಕೆ ನೇರವಾಗಿ ಒಂದು ರಂಧ್ರ ಉಳಿದುಬಿಟ್ಟಿತು.

1825ರಲ್ಲಿ ಬ್ಯೂಮಾಂಟ್ ಪ್ರಯೋಗಗಳನ್ನು ಶುರುಮಾಡಿದ. ದನದ ಮಾಂಸ, ಉಪ್ಪು ಹಾಕಿದ ಹಂದಿಮಾಂಸ, ಒಣಗಿದ ಬ್ರೆಡ್, ಹಸಿ ಎಲೆಕೋಸು ಇವುಗಳ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ರಂಧ್ರದಲ್ಲಿ ಇಳಿಬಿಟ್ಟ. ಗಂಟೆಗೊಮ್ಮೆ ಎಳೆದು ಯಾವುದು ಎಷ್ಟು ಕರಗಿದೆ ಎಂದು ನೋಡಿದ. ಜಠರರಸವನ್ನು ಹೊರತೆಗೆದು ಸೀಸೆಯಲ್ಲಿ ಬೆಚ್ಚಗಿಟ್ಟು, ಅದರಲ್ಲಿ ಮಾಂಸ ಹಾಕಿದ. ದೇಹದ ಹೊರಗೂ ಅದು ಕರಗಿತು. ಜೀರ್ಣಕ್ರಿಯೆ ಎಂದರೆ ಕೊಳೆಯುವುದೂ ಅಲ್ಲ, ಬರೀ ಅರೆಯುವುದೂ ಅಲ್ಲ, ಅದೊಂದು ರಾಸಾಯನಿಕ ಕ್ರಿಯೆ ಎಂಬುದು ಹೀಗೆ ಖಚಿತವಾಯಿತು. ಆ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ಲಂಡನ್ನಿನ ವಿಲಿಯಂ ಪ್ರೌಟ್ 1824ರಲ್ಲೇ ಪ್ರಕಟಿಸಿದ್ದ. ಬ್ಯೂಮಾಂಟ್ ಕಳಿಸಿದ ರಸವನ್ನು ಪರೀಕ್ಷಿಸಿದ ರಸಾಯನತಜ್ಞರು ಅದನ್ನೇ ಹೇಳಿದರು. ಇನ್ನೊಂದು ಸಂಗತಿಯೂ ಬ್ಯೂಮಾಂಟ್‌ಗೆ ಕಂಡಿತು. ಅಲೆಕ್ಸಿಗೆ ಸಿಟ್ಟು ಬಂದಾಗ ಜಠರದ ಒಳಮೈಯ ಬಣ್ಣವೂ ಸ್ರಾವವೂ ಬದಲಾಗುತ್ತಿದ್ದವು. ನಮ್ಮ ಹಿರಿಯರ ‘ಹೊಟ್ಟೆಕಿಚ್ಚು’ ಬರೀ ಮಾತಲ್ಲ! 1833ರಲ್ಲಿ ಅವನು ಪ್ರಕಟಿಸಿದ ಪುಸ್ತಕ ಶರೀರಕ್ರಿಯಾಶಾಸ್ತ್ರಕ್ಕೆ ಅಡಿಪಾಯವಾದ ಕೃತಿಗಳಲ್ಲಿ ಒಂದು.

ಈ ಕಥೆಯನ್ನು ವೈದ್ಯಕೀಯ ಕಾಲೇಜುಗಳಲ್ಲಿ ಬ್ಯೂಮಾಂಟ್‌ನ ಕಡೆಯಿಂದಲೇ ಹೇಳುತ್ತಾರೆ. ಅಲೆಕ್ಸಿಯ ಕಡೆಯಿಂದ ನೋಡಿದರೆ ಅದು ಬೇರೆಯದೇ ಕಥೆ. ಓದುಬರಹ ಬಾರದ ಬಡವ, ಕೂಲಿ ಮಾಡುವ ಶಕ್ತಿ ಕಳೆದುಕೊಂಡವನು. ವೈದ್ಯನ ಮನೆಯಲ್ಲಿ ಕಟ್ಟಿಗೆ ಒಡೆಯುವ ಆಳು, ಅದರ ಜೊತೆಗೆ ಪ್ರಯೋಗದ ವಸ್ತು. ಹೇಳದೆ ಕೇಳದೆ ಒಮ್ಮೆ ಕೆನಡಾಕ್ಕೆ ಹೊರಟುಹೋದ, ಮದುವೆಯಾದ, ಮತ್ತೆ ಬಂದ. 1832ರ ಕರಾರಿನಂತೆ ಅವನಿಗೆ ಊಟ ವಸತಿಯ ಮೇಲೆ ವರ್ಷಕ್ಕೆ 150 ಡಾಲರ್. ಪ್ರತಿಯಾಗಿ ವೈದ್ಯ ಹೋದಲ್ಲಿಗೆ ಹೋಗಬೇಕು, ಪ್ರಯೋಗಗಳಿಗೆ ಒಪ್ಪಬೇಕು. ಕೊನೆಗೊಮ್ಮೆ ಊರಿಗೆ ಹೋದವನು, ಬ್ಯೂಮಾಂಟ್ ಎಷ್ಟು ಪತ್ರ ಬರೆದರೂ ಹಿಂತಿರುಗಲಿಲ್ಲ. ಬ್ಯೂಮಾಂಟ್ 1853ರಲ್ಲಿ ತೀರಿಕೊಂಡ. ಹೊಟ್ಟೆಯಲ್ಲಿ ತೂತಿದ್ದ ಅಲೆಕ್ಸಿ ಅವನಿಗಿಂತ 27 ವರ್ಷ ಹೆಚ್ಚು ಬಾಳಿ 1880ರಲ್ಲಿ ಸತ್ತ. ಶವವನ್ನು ವೈದ್ಯರು ಕೊಯ್ಯಬಾರದೆಂದು ಮನೆಯವರು ಅದನ್ನು ಕೆಡುವವರೆಗೆ ಇಟ್ಟುಕೊಂಡು, ಎಂಟು ಅಡಿ ಆಳದ ಗುಂಡಿಯಲ್ಲಿ ಹೂತರು. 1962ರಲ್ಲಿ ಕೆನಡಾದ ಶರೀರಕ್ರಿಯಾ ವಿಜ್ಞಾನಿಗಳು ಅಲ್ಲಿ ಒಂದು ಸ್ಮಾರಕ ಫಲಕ ಹಾಕಿಸಿದರು. ಋಣ ತೀರಿಸುವುದು ತಡವಾಯಿತು, ಆದರೂ ಆ ಋಣ ಇತ್ತೆಂದು ಒಪ್ಪಿಕೊಂಡಂತಾಯಿತು.

ಆಮ್ಲದ ಮೇಲಿನ ಯುದ್ಧ

ಜಠರದಲ್ಲಿ ಆಮ್ಲವಿದೆ ಎಂದು ಗೊತ್ತಾದ ಮೇಲೆ ಹುಣ್ಣಿನ ಹೊಣೆಯೆಲ್ಲ ಆಮ್ಲದ ತಲೆಗೆ ಬಂತು. ಆಮ್ಲವಿಲ್ಲದೆ ಹುಣ್ಣಿಲ್ಲ ಎಂದು 1910ರಲ್ಲಿ ಶ್ವಾರ್ಟ್ಸ್ ಎಂಬ ಶಸ್ತ್ರವೈದ್ಯ ಹೇಳಿದ್ದು ಸೂತ್ರವೇ ಆಗಿಹೋಯಿತು. 1915ರಲ್ಲಿ ಷಿಕಾಗೋದ ಬರ್ಟ್ರಾಮ್ ಸಿಪ್ಪಿ ಗಂಟೆಗೊಮ್ಮೆ ಹಾಲು, ಕೆನೆ, ನಡುನಡುವೆ ಕ್ಷಾರದ ಪುಡಿ ಎಂಬ ಪಥ್ಯ ಬರೆದ. ಹತ್ತಾರು ವರ್ಷ ಲೋಕವೆಲ್ಲ ಅದನ್ನು ಪಾಲಿಸಿತು. ಜಠರದ ಸ್ರಾವಕ್ಕೆ ನರಗಳ ಅಪ್ಪಣೆ ಬೇಕೆಂದು ರಷ್ಯಾದ ಪಾವ್ಲೊವ್ ನಾಯಿಗಳ ಮೇಲಿನ ಪ್ರಯೋಗಗಳಿಂದ ತೋರಿಸಿ 1904ರಲ್ಲಿ ನೊಬೆಲ್ ಪಡೆದಿದ್ದ. ಹಾಗಾದರೆ ಆ ನರವನ್ನೇ ಕತ್ತರಿಸಿದರೆ? 1943ರಲ್ಲಿ ಷಿಕಾಗೋದ ಲೆಸ್ಟರ್ ಡ್ರಾಗ್‌ಸ್ಟೆಡ್ ಹುಣ್ಣಿನ ರೋಗಿಗಳಲ್ಲಿ ವೇಗಸ್ ನರ ಕತ್ತರಿಸುವ ಶಸ್ತ್ರಕ್ರಿಯೆಯನ್ನು ಬಳಕೆಗೆ ತಂದ.

ದಕ್ಷಿಣ ಭಾರತದಲ್ಲಿ ಡ್ಯುವೋಡಿನಮ್‌ನ ಹುಣ್ಣು ಬಹಳ ಸಾಮಾನ್ಯವಾಗಿತ್ತು. 1970ರ ದಶಕದ ಕೊನೆಯಲ್ಲಿ ನಾನು ಕರ್ನಾಟಕದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದಾಗ ಶಸ್ತ್ರಕ್ರಿಯೆಯ ವಾರ್ಡಿನಲ್ಲಿ ಇಂಥ ರೋಗಿಗಳು ಇಲ್ಲದ ದಿನವೇ ಇರಲಿಲ್ಲ. ಹೆಚ್ಚಿನವರು ಗದ್ದೆ ಕೆಲಸದವರು, ಹಮಾಲರು, ಗಾಡಿ ಹೊಡೆಯುವವರು. ‘ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗ್ತದೆ ಸ್ವಾಮಿ, ರಾತ್ರಿ ಎರಡು ಗಂಟೆಗೆ ಎಬ್ಬಿಸ್ತದೆ, ಏನಾದ್ರೂ ತಿಂದ್ರೆ ಸುಮ್ಮನಾಗ್ತದೆ’ ಎನ್ನುತ್ತಿದ್ದರು. ಹುಣ್ಣು ಮಾಯುತ್ತಾ ಮರುಕಳಿಸುತ್ತಾ ಜಠರದ ಹೊರದಾರಿ ಕಟ್ಟಿಹೋಗಿ, ನಿನ್ನೆ ಉಂಡದ್ದನ್ನು ಇವತ್ತು ವಾಂತಿ ಮಾಡುವ ಸ್ಥಿತಿಯಲ್ಲಿ ಬರುತ್ತಿದ್ದವರೂ ಇದ್ದರು. ಅವರ ವೇಗಸ್ ನರ ಕತ್ತರಿಸಿ, ಜಠರವನ್ನು ಸಣ್ಣಕರುಳಿಗೆ ಹೊಲಿಯುತ್ತಿದ್ದರು. ಅದರಿಂದ ಜೀವ ಉಳಿಯುತ್ತಿತ್ತು, ನೋವೂ ಹೋಗುತ್ತಿತ್ತು. ಆದರೆ ಕೆಲವರಿಗೆ ಹೊಟ್ಟೆತುಂಬ ಉಂಡ ಕೂಡಲೇ ಬೆವರು, ತಲೆಸುತ್ತು, ಭೇದಿ. ದುಡಿದು ಬಂದು ಮುದ್ದೆ ಉಣ್ಣಬೇಕಾದವನಿಗೆ ಪಿಡಿಚೆ ಅನ್ನವೇ ಗತಿ.

ಕಾರಣದ ವಿಷಯಕ್ಕೆ ಬಂದರೆ ಒಬ್ಬೊಬ್ಬರದು ಒಂದೊಂದು ವಾದ. ಅನ್ನ ತಿನ್ನುವ ದಕ್ಷಿಣದಲ್ಲಿ ಹುಣ್ಣು ಹೆಚ್ಚು, ಗೋಧಿ ತಿನ್ನುವ ಉತ್ತರದಲ್ಲಿ ಕಡಿಮೆ ಎಂದು ರೈಲ್ವೆಯ ವೈದ್ಯರೊಬ್ಬರು 1960ರ ದಶಕದಲ್ಲಿ ಪ್ರಕಟಿಸಿದರು. ಪಶ್ಚಿಮದಲ್ಲಿ ಚಿಂತೆ, ಧಾವಂತದ ಬದುಕು ಕಾರಣವೆಂದರು. ಮನೆಯಲ್ಲಿ ಅಜ್ಜಿಯಂದಿರು ಖಾರ, ಹುಳಿ, ಹೊತ್ತಲ್ಲದ ಹೊತ್ತಿನ ಊಟವನ್ನು ದೂರಿದರು.

ಬ್ರಿಟನ್ನಿನ ಜೇಮ್ಸ್ ಬ್ಲ್ಯಾಕ್ ಆಮ್ಲದ ಸ್ರಾವವನ್ನು ಅಡಗಿಸುವ ಔಷಧಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದ. 1976ರಲ್ಲಿ ಸಿಮೆಟಿಡಿನ್ ಮಾರುಕಟ್ಟೆಗೆ ಬಂತು. 1980ರ ದಶಕದ ಕೊನೆಗೆ ಒಮೆಪ್ರಜೋಲ್ ಬಂತು. ಶಸ್ತ್ರಕ್ರಿಯೆಗಳು ಕಡಿಮೆಯಾದವು. ಆದರೆ ಮಾತ್ರೆ ನಿಲ್ಲಿಸಿದರೆ ಹುಣ್ಣು ಮತ್ತೆ ಬರುತ್ತಿತ್ತು. ಬೆಂಕಿ ಆರಿಸಿದ್ದಾಗಿತ್ತು, ಹಚ್ಚಿದವನು ಸಿಕ್ಕಿರಲಿಲ್ಲ.

ಬೆಳಕಿನ ಕೊಳವೆ

ಅವನು ಸಿಗಬೇಕಾದರೆ ಜಠರದೊಳಕ್ಕೆ ಮತ್ತೊಂದು ಕಿಟಕಿ ಬೇಕಿತ್ತು. ಇಲ್ಲಿ ಭಾರತೀಯನೊಬ್ಬನ ಪಾಲಿದೆ. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸ್ ಜೊತೆ ಸೇರಿ, ಬಳುಕುವ ಗಾಜಿನೆಳೆಗಳ ಕಂತೆಯ ಮೂಲಕ ಚಿತ್ರವನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿದ. ಅದನ್ನು ಓದಿದ ಬೇಸಿಲ್ ಹರ್ಷೋವಿಟ್ಸ್ ಎಂಬ ವೈದ್ಯ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಂಗಡಿಗರೊಂದಿಗೆ ಬಳುಕುವ ಎಂಡೋಸ್ಕೋಪ್ ತಯಾರಿಸಿ, 1957ರಲ್ಲಿ ಮೊದಲು ತಾನೇ ನುಂಗಿ ಪರೀಕ್ಷಿಸಿಕೊಂಡ. ಅಲೆಕ್ಸಿಯ ಪಕ್ಕೆಯ ರಂಧ್ರದಿಂದ ಕಂಡದ್ದು ಇನ್ನು ಯಾರ ಹೊಟ್ಟೆಯಲ್ಲಾದರೂ ಕಾಣುವಂತಾಯಿತು. ಒಳಪದರದ ಚೂರನ್ನು ಚಿವುಟಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದೂ ಸುಲಭವಾಯಿತು.

ಪರ್ತ್‌ನ ಈಸ್ಟರ್ ರಜೆ

ಆಸ್ಟ್ರೇಲಿಯದ ಪರ್ತ್ ನಗರದ ಆಸ್ಪತ್ರೆಯಲ್ಲಿ ಇಂಥ ಚೂರುಗಳನ್ನು ಪರೀಕ್ಷಿಸುತ್ತಿದ್ದವರು ರಾಬಿನ್ ವಾರೆನ್. 1979ರಲ್ಲಿ ಅವರಿಗೆ ಉರಿಯೂತವಿದ್ದ ಜಠರದ ಲೋಳೆಯಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾಗಳು ಕಂಡವು. ಆ ಆಮ್ಲದಲ್ಲಿ ಯಾವ ಜೀವಿಯೂ ಬದುಕದು ಎಂಬುದು ಪಾಠ. 1954ರಲ್ಲಿ ಅಮೆರಿಕದ ಎಡ್ಡಿ ಪಾಮರ್ ಸಾವಿರಕ್ಕೂ ಹೆಚ್ಚು ಚೂರುಗಳನ್ನು ನೋಡಿ ಅಲ್ಲಿ ಬ್ಯಾಕ್ಟೀರಿಯಾ ಇಲ್ಲವೆಂದು ಬರೆದಿದ್ದ. ಆದರೆ ಈ ಜೀವಿ ಮಾಮೂಲಿ ಬಣ್ಣಕ್ಕೆ ಸರಿಯಾಗಿ ಕಾಣದು. ವಾರೆನ್ ಬಳಸಿದ್ದು ಬೆಳ್ಳಿಯ ಬಣ್ಣ.

1981ರಲ್ಲಿ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯ ವಾರೆನ್ ಜೊತೆಗೂಡಿದ. ಪ್ರಯೋಗಾಲಯದಲ್ಲಿ ಆ ಜೀವಿ ಬೆಳೆಯಲು ಒಲ್ಲೆನೆಂದಿತು. ಎರಡು ದಿನ ಕಾದು ತಟ್ಟೆಗಳನ್ನು ಎಸೆಯುವುದು ವಾಡಿಕೆ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದಾರು ದಿನ ಹಾಗೇ ಉಳಿದವು. ರಜೆ ಮುಗಿಸಿ ಬಂದು ನೋಡಿದರೆ ಬೆಳೆ ಬಂದಿತ್ತು! ಅದು ನಿಧಾನವಾಗಿ ಬೆಳೆಯುವ ಜೀವಿ, ಅಷ್ಟೇ. ಮುಂದೆ ಅದಕ್ಕೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರಾಯಿತು. ಅದು ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ, ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು, ಲೋಳೆಯೊಳಗೆ ಕೊರೆದು ಕೂರುತ್ತದೆ. ಕಾವಲನ್ನು ಮುರಿಯುವವನು ಇವನೇ.

ತಜ್ಞರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ತನ್ನ ಜಠರ ಸರಿಯಾಗಿದೆಯೆಂದು ಎಂಡೋಸ್ಕೋಪಿಯಿಂದ ಖಚಿತಪಡಿಸಿಕೊಂಡು, ಆ ಬ್ಯಾಕ್ಟೀರಿಯಾದ ಕಷಾಯವನ್ನು ಕುಡಿದೇಬಿಟ್ಟ. ಕೆಲವೇ ದಿನಗಳಲ್ಲಿ ವಾಂತಿ, ಬಾಯಿವಾಸನೆ. ಹತ್ತನೆಯ ದಿನ ನೋಡಿದಾಗ ಜಠರದಲ್ಲಿ ಉರಿಯೂತವೂ ಇತ್ತು, ಆ ಜೀವಿಯೂ ಇತ್ತು. ಹುಣ್ಣು ಆಗಲಿಲ್ಲ, ಆದರೆ ಉರಿಯೂತಕ್ಕೆ ಕಾರಣ ಯಾರೆಂಬುದು ಸಾಬೀತಾಯಿತು. ಜೀವಿನಿರೋಧಕ ಔಷಧ ಕೊಟ್ಟವರಲ್ಲಿ ಹುಣ್ಣು ಮರುಕಳಿಸುವುದು ನಿಂತದ್ದು ಮುಂದಿನ ಪುರಾವೆ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಭೆ ಇದನ್ನು ಒಪ್ಪಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಈ ಜೀವಿಯನ್ನು ಜಠರದ ಕ್ಯಾನ್ಸರಿನ ಕಾರಣಗಳ ಪಟ್ಟಿಗೆ ಸೇರಿಸಿತು. 2005ರಲ್ಲಿ ಇಬ್ಬರಿಗೂ ನೊಬೆಲ್.

ಗ್ರೀಸಿನ ಸಣ್ಣ ಊರೊಂದರ ವೈದ್ಯ ಜಾನ್ ಲಿಕೂಡಿಸ್ 1958ರಿಂದಲೇ ಹುಣ್ಣಿಗೆ ಜೀವಿನಿರೋಧಕ ಔಷಧ ಕೊಡುತ್ತಿದ್ದ. ಅವನಿಗೆ ಸಿಕ್ಕಿದ್ದು ದಂಡ. ಸರಿಯಾದ ಮಾತೂ ಪುರಾವೆ ಇಲ್ಲದಿದ್ದರೆ ನಿಲ್ಲದು. ಪುರಾವೆ ಇದ್ದರೂ ಕೇಳುವ ಕಿವಿ ಬೇಕು.

ನಮ್ಮ ಮನೆಗಳಿಗೆ ಇದರಿಂದ ಏನು?

ಜಗತ್ತಿನ ಅರ್ಧದಷ್ಟು ಜನರ ಜಠರದಲ್ಲಿ ಈ ಜೀವಿ ಇರಬಹುದೆಂಬ ಅಂದಾಜಿದೆ. ಅದು ಸಾಮಾನ್ಯವಾಗಿ ಹತ್ತುವುದು ಬಾಲ್ಯದಲ್ಲಿ, ಹತ್ತಿದ ಮೇಲೆ ತಾನಾಗಿ ಹೋಗುವುದು ಅಪರೂಪ. ಹೆಚ್ಚಿನವರಿಗೆ ತೊಂದರೆಯೇ ಆಗದು. ಆದರೆ ಭಾರತದಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಬಹಳ ಜನ ಇದನ್ನು ನಮ್ಮ ಪೆಟ್ಟಿಗೆಗಳ ಜೊತೆಗೇ ಹೊತ್ತು ತಂದಿದ್ದೇವೆ. ‘ನನಗೆ ಗ್ಯಾಸ್ಟ್ರಿಕ್’ ಎಂದು ಔಷಧದಂಗಡಿಯ ಮಾತ್ರೆ ನುಂಗುತ್ತಾ ವರ್ಷ ಕಳೆಯುವವರು ಒಮ್ಮೆ ವೈದ್ಯರಲ್ಲಿ ಉಸಿರಿನ ಅಥವಾ ಮಲದ ಪರೀಕ್ಷೆಯ ವಿಚಾರ ಕೇಳಬೇಕು. ಆಮ್ಲದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆ ತಪ್ಪು ಫಲ ಕೊಡಬಹುದು, ಅದನ್ನೂ ತಿಳಿಸಬೇಕು. ಜೀವಿ ಇದ್ದರೆ ಔಷಧ ಸಾಮಾನ್ಯವಾಗಿ ಎರಡು ವಾರ. ನೋವು ಹೋಯಿತೆಂದು ಐದನೆಯ ದಿನಕ್ಕೆ ನಿಲ್ಲಿಸಬಾರದು. ಆಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು.

ಇನ್ನೊಬ್ಬ ಕಳ್ಳನಿದ್ದಾನೆ. ಮಂಡಿನೋವಿಗೆ, ಬೆನ್ನುನೋವಿಗೆ ದಿನವೂ ನುಂಗುವ ಐಬುಪ್ರೊಫೇನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮಾತ್ರೆಗಳು ಜಠರದ ಕಾವಲನ್ನು ಮುರಿಯುತ್ತವೆ. ಹಾಗೆಂದು ಹೃದಯಕ್ಕಾಗಿ ವೈದ್ಯರು ಬರೆದ ಆಸ್ಪಿರಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಕೇಳಿ. ಮಲ ಡಾಂಬರಿನಂತೆ ಕಪ್ಪಗಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ ಮಜ್ಜಿಗೆ ಕುಡಿದು ಮಲಗಬೇಡಿ. ಕಪ್ಪು ಮಲ, ರಕ್ತವಾಂತಿಗೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಇನ್ನು ಅಜ್ಜಿಯ ಖಾರದ ವಿಚಾರ. ಖಾರ ಹುಣ್ಣನ್ನು ಹುಟ್ಟಿಸುವುದಿಲ್ಲ, ಇರುವ ಹುಣ್ಣನ್ನು ಉರಿಸಬಹುದು. ಚಿಂತೆಯೂ ಹಾಗೆಯೇ. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾನು ಬಿಡುವವನಲ್ಲ. ಆದರೆ ಹೊತ್ತಿಗೆ ಸರಿಯಾಗಿ ಹದವಾಗಿ ಉಂಡ ಎಷ್ಟೋ ಜನರಿಗೂ ಹುಣ್ಣಾಗಿತ್ತು. ಅದು ಅವರ ತಪ್ಪಾಗಿರಲಿಲ್ಲ ಎಂಬುದು ಈ ಚರಿತ್ರೆ ನಮಗೆ ತಿಳಿಸಿದ ದೊಡ್ಡ ಸಂಗತಿ. ವೇಗಸ್ ಕತ್ತರಿಸಿಕೊಂಡು ಅರೆಹೊಟ್ಟೆಯಲ್ಲಿ ಬದುಕಿದ ಆ ಹಮಾಲರ ಮಕ್ಕಳಿಗೆ ಇಂದು ಎರಡು ವಾರದ ಮಾತ್ರೆ ಸಾಕು.